ಚಪ್ಪಾಳೆ ತಪ್ಪಿದ ಟೇಕು

ಹೊಳೆದಂಡೆಯಲ್ಲಿ ಒಂದು ಆಶ್ರಮ. ಆಶ್ರಮ ಅಂದ ಕೂಡಲೇ ಜಿಂಕೆ, ಜಟೆ, ಕಮಂಡಲ ಅಂತೆಲ್ಲ ನೆನೆಸಿಕೊಳ್ಳಬೇಡಿ. ಮೂರು ಹೆಂಚಿನ ಕೋಣೆ, ಎರಡು ಕಂಪ್ಯೂಟರು, ಒಂದು ಹಳೇ ಕ್ಯಾಮೆರಾ, ಒಬ್ಬ ಮುಂಗೋಪಿ ಗುರು. ಅಷ್ಟೇ.

ಗುರುವಿನ ಹೆಸರು ಸೀತಾಪತಯ್ಯ. ಅರ್ಧ ಆಯಸ್ಸು ಸಿನಿಮಾ ಎಡಿಟಿಂಗ್ ಮಾಡಿ, ಸಾಕೆನಿಸಿ, ಇಲ್ಲಿ ಬಂದು ಕೂತು ಕಲಿಯಲು ಬಂದವರಿಗೆ ಕಲಿಸುತ್ತಿದ್ದರು.

ಅಲ್ಲೊಂದು ಕಟ್ಟಳೆ. ಕೊನೆಗೆ ಪ್ರತಿಯೊಬ್ಬರೂ ಒಂದು ಹಾಡಿನ ವಿಡಿಯೊ ಮಾಡಬೇಕು. ತಾವೇ ಯೋಚಿಸಿ, ತಾವೇ ತೆಗೆದು, ತಾವೇ ಜೋಡಿಸಬೇಕು. ಭಾನುವಾರ ಎಲ್ಲರ ಮುಂದೆ ಹಾಕಬೇಕು. ಗುರು ತಲೆಯಾಡಿಸಿದರೆ ವಿದ್ಯೆ ಮುಗಿಯಿತು. ಇಲ್ಲವೆಂದರೆ ಇನ್ನೊಂದು ವರ್ಷ.

ವಾರಿಜೆಗೆ ಆ ಇನ್ನೊಂದು ವರ್ಷ ಆಗಲೇ ಒಮ್ಮೆ ಆಗಿಹೋಗಿತ್ತು. ಈ ಸಲವೂ ತಪ್ಪಿದರೆ ಹೊಳೆಗೆ ಹಾರುವುದೊಂದೇ ಬಾಕಿ ಎಂದು ಅವಳೇ ಹೇಳಿಕೊಂಡು ತಿರುಗುತ್ತಿದ್ದಳು.

ಹಾಡು ಅವಳದಲ್ಲ, ಜವರೇಶನದು. ಜೊತೆಯಲ್ಲೇ ಕಲಿಯುತ್ತಿದ್ದ ಗೆಳೆಯ. ತೀರಿಕೊಂಡ ತಾಯಿಯ ಮೇಲೆ ಕಟ್ಟಿದ್ದ ಹಾಡು. ‘ಒಲೆಯ ಮೇಲೆ ಎಸರಿಟ್ಟು ಎತ್ತ ಹೋದೆ ನನ್ನವ್ವ’ ಎಂದು ಅವನು ಎತ್ತಿಕೊಂಡರೆ ಸೀತಾಪತಯ್ಯನಂಥವರೂ ಬೈಯುವುದನ್ನು ನಿಲ್ಲಿಸುತ್ತಿದ್ದರು.

ವಾರಿಜ ಒಂದು ತಿಂಗಳು ಕೂತು ನಲವತ್ತೆರಡು ಶಾಟುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಳು. ಎಲ್ಲಿ ಬಿಸಿಲು, ಎಲ್ಲಿ ನೆರಳು, ಎಷ್ಟು ಗಂಟೆಗೆ ಯಾವುದು, ಎಲ್ಲವೂ ಅದರಲ್ಲಿತ್ತು.

ಗುರು ಪುಟ ತಿರುವಿ ನೋಡಿದರು.

"ಎಲ್ಲಾ ಸರಿ. ಇದರಲ್ಲಿ ಆ ಹುಡುಗ ಊಟ ಮಾಡೋದು ಯಾವಾಗ?"

"ಅದನ್ನೂ ಬರೀಬೇಕಾ ಗುರುಗಳೇ?"

"ಹಸಿದ ಹೊಟ್ಟೆ ನಿನ್ನ ನೋಟ್‌ಬುಕ್ ಓದುತ್ತಾ?"

ವಾರಿಜೆಗೆ ಮೈಯೆಲ್ಲ ಉರಿಯಿತು. ತಿಂಗಳಿಡೀ ಕೂತು ಮಾಡಿದ್ದರಲ್ಲಿ ಈ ಮುದುಕನಿಗೆ ಕಂಡದ್ದು ಊಟ! ನೋಟ್‌ಬುಕ್ ಕಿತ್ತುಕೊಂಡ ಹಾಗೆ ತೆಗೆದುಕೊಂಡು ಹೊರಟಳು.

"ಚಪ್ಪಾಳೆ ಮರೀಬೇಡ," ಎಂದು ಹಿಂದಿನಿಂದ ಕೂಗಿದರು ಗುರು.

ಚಪ್ಪಾಳೆಯ ಸಂಗತಿ ಹೀಗೆ. ಆ ಕ್ಯಾಮೆರಾಕ್ಕೆ ಕಣ್ಣಿತ್ತು, ಕಿವಿ ಇರಲಿಲ್ಲ; ಮೈಕು ಕೆಟ್ಟು ವರ್ಷವಾಗಿತ್ತು. ಹಾಗಾಗಿ ಚಿತ್ರ ಒಂದು ಕಡೆ, ಸದ್ದು ಬೇರೆ ರೆಕಾರ್ಡರಿನಲ್ಲಿ. ಹಾಡುವ ಮೊದಲು ಕ್ಯಾಮೆರಾದ ಎದುರು ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಬೇಕು. ಕೈಗೆ ಕೈ ತಾಗಿದ ಚಿತ್ರವನ್ನೂ ಆ ಸದ್ದನ್ನೂ ಆಮೇಲೆ ಒಂದೇ ಕಡೆ ಕೂರಿಸಿದರೆ ಉಳಿದದ್ದೆಲ್ಲ ತಾನಾಗಿ ಕೂಡಿಕೊಳ್ಳುತ್ತದೆ.

ಮೊದಲೆರಡು ನುಡಿಗಳು ಎರಡು ದಿನದಲ್ಲಿ ಚೆನ್ನಾಗಿಯೇ ಮುಗಿದವು. ಉಳಿದದ್ದು ಕೊನೆಯ ನುಡಿ. ಇಳಿಬಿಸಿಲು ನೀರಿನ ಮೇಲೆ ಬೀಳುವಾಗ ಹೊಳೆಯಂಚಿನ ಬಂಡೆಯ ಮೇಲೆ ಕೂತು ಜವರೇಶ ಅದನ್ನು ಹಾಡಬೇಕು. ಇಬ್ಬರೇ ಇದ್ದರು. ಬೆಳಗಿನಿಂದ ಅಡ್ಡಾಡಿ ತಡವಾಗಿತ್ತು. ವಾರಿಜ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು ಚಾಲೂ ಮಾಡಿದಳು. ಅವನ ಜೇಬಿನಲ್ಲಿ ರೆಕಾರ್ಡರ್ ಇಟ್ಟು ಅದನ್ನೂ ಚಾಲೂ ಮಾಡಿದಳು.

"ಚಪ್ಪಾಳೆ ಹಾಕಲ್ವಾ?" ಎಂದ ಜವರೇಶ.

"ಚಪ್ಪಾಳೆ ಹೊಡೀತಾ ಕೂತ್ರೆ ಸೂರ್ಯ ಕಾಯ್ತಾನಾ? ಎರಡೂ ಓಡ್ತಿವೆ, ನಿಲ್ಲಿಸೋದು ಬೇಡ. ಹಾಡು."

ಅವನು ಐದು ಸಲ ಹಾಡಿದ. ಐದು ಸಲವೂ ಅವಳಿಗೆ ಹಿಡಿಸಲಿಲ್ಲ. ಆರನೆಯ ಸಲ ಅರ್ಧಕ್ಕೇ ನಿಲ್ಲಿಸಿದ.

"ವಾರಿಜಾ, ಬೆಳಗ್ಗೆಯಿಂದ ಏನೂ ತಿಂದಿಲ್ಲ ಕಣೆ. ಗಂಟಲು ಒಣಗ್ತಿದೆ. ಒಂದ್ ಲೋಟ ನೀರು ಕೊಡು."

"ನೀರಲ್ಲೇ ಕೂತಿದೀಯಲ್ಲೋ!"

ಅವನು ನಕ್ಕುಬಿಟ್ಟ. ಆ ನಗುವೇ ಸಾಕಾಯಿತು. ವಾರಿಜೆಗೆ ಕೋಪ ನೆತ್ತಿಗೇರಿತು. ಮೊಣಕಾಲುದ್ದ ನೀರಿನಲ್ಲಿ ದಾಪುಗಾಲು ಹಾಕಿಕೊಂಡು ಹೋಗಿ ಅವನ ಕೆನ್ನೆಗೆ ರಪ್ಪನೆ ಬಾರಿಸಿದಳು.

ಜವರೇಶ ವಾಲಿದ ತಲೆಯನ್ನು ಎತ್ತಿದ. ಆಮೇಲೆ ನುಡಿಯನ್ನು ಮೊದಲಿನಿಂದ ಎತ್ತಿಕೊಂಡು ಕೊನೆಯವರೆಗೆ ಹಾಡಿದ. ರೆಕಾರ್ಡರನ್ನು ಬಂಡೆಯ ಮೇಲಿಟ್ಟ. ಹೊಳೆ ದಾಟಿ, ಆಚೆ ಊರಿನ ಅಕ್ಕನ ಮನೆಗೆ ಹೊರಟುಹೋದ.

ವಾರಿಜೆಗೆ ಹೊಡೆದೆನಲ್ಲಾ ಎಂದು ಸಂಕಟವಾಯಿತೇ ಎಂದರೆ, ಸುಳ್ಳು ಯಾಕೆ ಹೇಳಲಿ, ಆಗಲಿಲ್ಲ. ‘ನಕ್ಕದ್ದು ಅವನು, ಕಾಲಹರಣ ಮಾಡಿದ್ದು ಅವನು, ಈಗ ಮುನಿಸು ಬೇರೆ,’ ಎಂದು ಹಲ್ಲು ಕಡಿಯುತ್ತಲೇ ಸಾಮಾನು ಕಟ್ಟಿದಳು.

ಮರುದಿನ ಎಡಿಟಿಂಗಿಗೆ ಕೂತಾಗ ಗ್ರಹಚಾರ ಶುರುವಾಯಿತು. ಕೊನೆಯ ನುಡಿ ಕೂಡುತ್ತಲೇ ಇಲ್ಲ. ಬಾಯಿ ಮುಂದೆ, ಹಾಡು ಹಿಂದೆ. ‘ಅವ್ವ’ ಎನ್ನುವ ಹೊತ್ತಿಗೆ ಅವನ ಬಾಯಿ ಮುಚ್ಚಿರುತ್ತಿತ್ತು. ತುಟಿ ನೋಡಿಕೊಂಡು ಅತ್ತ ಎಳೆದಳು, ಇತ್ತ ಎಳೆದಳು. ಎರಡು ದಿನ ಹೀಗೇ ಕಳೆಯಿತು. ಮೂರನೆಯ ದಿನ ಮೌಸನ್ನು ಮೇಜಿಗೆ ಕುಕ್ಕಿದಳು.

ಗುರು ಬಾಗಿಲಲ್ಲಿ ನಿಂತಿದ್ದರು.

"ಚಪ್ಪಾಳೆ ಎಲ್ಲಿ?"

"ಹಾಕಿಲ್ಲ."

"ಯಾಕೆ?"

"ಬೆಳಕು ಹೋಗ್ತಿತ್ತು."

"ಬೆಳಕು ಉಳೀತಾ?"

ಗುರು ಕುರ್ಚಿ ಎಳೆದುಕೊಂಡು ಕೂತರು.

"ನಡುವೆ ನಿಲ್ಲಿಸಿದ್ಯಾ?"

"ಇಲ್ಲ. ಎರಡೂ ಒಂದೇ ಸಮ ಓಡಿವೆ."

"ಹಾಗಿದ್ರೆ ಇಡೀ ಟೇಕಿನಲ್ಲಿ ಒಂದೇ ಒಂದು ಸದ್ದು ಸಾಕು. ಕಣ್ಣಿಗೂ ಕಾಣಬೇಕು, ಕಿವಿಗೂ ಕೇಳಬೇಕು. ಏನೂ ಬೀಳಲಿಲ್ವಾ? ಯಾರೂ ಏನನ್ನೂ ಬಡೀಲಿಲ್ವಾ?"

ಅಂಥ ಸದ್ದೊಂದು ಇದೆಯೆಂದು ಅವಳಿಗೆ ಮೊದಲ ದಿನವೇ ಗೊತ್ತಿತ್ತು. ಆ ತುಂಡನ್ನು ಯಾರ ಕಣ್ಣಿಗೂ ಬೀಳದ ಹಾಗೆ ಕತ್ತರಿಸಿ ಪಕ್ಕಕ್ಕಿಟ್ಟಿದ್ದಳು.

"ಇಲ್ಲ," ಎಂದಳು.

"ಇದೇನು ಈ ತುಂಡು?"

ಮುದುಕನ ಕಣ್ಣು ಹಾಳಾಗ! ಗುರುವೇ ಕೈಚಾಚಿ ಒತ್ತಿದರು. ರಪ್. ಹಿಂದಕ್ಕೆ ತಂದು ಇನ್ನೊಮ್ಮೆ ಕೇಳಿದರು. ರಪ್.

"ಯಾರ ಕೈ?"

"ನಂದು."

"ಕೂಡಿಸು."

"ಗುರುಗಳೇ, ಅದನ್ನ ಕತ್ತರಿಸಿ..."

"ಕತ್ತರಿಸೋದು ಆಮೇಲೆ. ಮೊದಲು ಕೂಡಿಸು!"

ಕೂಡಿಸದೆ ಬೇರೆ ದಾರಿಯೂ ಇರಲಿಲ್ಲ. ತುಂಡನ್ನು ಮೊದಲಿದ್ದ ಜಾಗಕ್ಕೇ ಸೇರಿಸಿ ಒಂದೊಂದೇ ಫ್ರೇಮು ಸರಿಸುತ್ತ ಹೋದಳು. ಕೈ ಮೇಲೆದ್ದಿತು. ಹತ್ತಿರ ಬಂತು. ಕೆನ್ನೆಗೆ ತಾಗಿದ ಫ್ರೇಮಿನ ಕೆಳಗೆ ಆ ಸದ್ದನ್ನು ತಂದಿಟ್ಟಳು. ಎಲ್ಲವೂ ಕೂಡಿಕೊಂಡಿತು. ‘ಅವ್ವ’ ಎಂದಾಗ ಅವನ ತುಟಿಯೂ ಅವ್ವ ಎಂದಿತು.

ಏಟಿನ ನಂತರದ ಹಾಡು ಶುರುವಾಯಿತು. ದನಿ ಸಣ್ಣಗೆ ನಡುಗುತ್ತಿತ್ತು, ಆದರೂ ಎಲ್ಲೂ ಒಡೆಯಲಿಲ್ಲ. ಒಂದು ವರ್ಷದಿಂದ ಕೇಳಿದ್ದ ಅದೇ ಹಾಡು ಹೀಗೆ ಎಂದೂ ಬಂದಿರಲಿಲ್ಲ. ವಾರಿಜ ಕುರ್ಚಿಯಿಂದ ಎದ್ದೇಬಿಟ್ಟಳು.

"ಕೇಳಿದ್ರಾ ಗುರುಗಳೇ? ಇದೇ ನನಗೆ ಬೇಕಾಗಿದ್ದದ್ದು. ಇದೇ ಟೇಕು!"

"ಕೇಳ್ದೆ. ಹುಡುಗ ಎಲ್ಲಿ?"

"ಮುನಿಸ್ಕೊಂಡು ಹೋದ. ಹೋಗ್ಲಿ ಬಿಡಿ. ಹೊಡೆದಿದ್ದಕ್ಕೇ ಅಲ್ವಾ ಇಂಥ ಹಾಡು ಬಂದಿದ್ದು? ಇದನ್ನ ನೋಡಿದ್ರೆ ಅವನೇ ಥ್ಯಾಂಕ್ಸ್ ಹೇಳ್ತಾನೆ."

ಗುರು ಅವಳ ಮುಖವನ್ನೇ ನೋಡಿದರು.

"ಹಾಗಾದ್ರೆ ಏಟನ್ನ ಯಾಕೆ ಕತ್ತರಿಸ್ತೀಯ? ಅದೂ ಇರಲಿ. ಭಾನುವಾರ ಎಲ್ಲರ ಮುಂದೆ ಏಟೂ ಹಾಕು, ಹಾಡೂ ಹಾಕು."

"ಜನ ಏನಂತಾರೆ?"

"ಶಹಬ್ಬಾಸ್ ಅಂತಾರೆ. ಹಾಡಿಗೆ ಶಹಬ್ಬಾಸ್ ಬೇಕು, ಏಟಿಗೆ ಬೇಡವಾ?"

ಇಷ್ಟು ಹೇಳಿ ಎದ್ದು ಹೋದರು.

ವಾರಿಜ ಬಾಗಿಲು ಹಾಕಿಕೊಂಡು ಬಾಯಿಗೆ ಬಂದದ್ದೆಲ್ಲ ಬೈದಳು. ಗುರುವನ್ನು ಬೈದಳು, ಜವರೇಶನನ್ನು ಬೈದಳು, ಕಿವಿಯಿಲ್ಲದ ಕ್ಯಾಮೆರಾವನ್ನೂ ಬಿಡಲಿಲ್ಲ. ಏಟನ್ನು ಕತ್ತರಿಸಲೆಂದೇ ಆ ತುಂಡನ್ನು ಮತ್ತೆ ತೆರೆದಳು. ಎಲ್ಲಿಂದ ಕತ್ತರಿಸಬೇಕು ಎಂದು ಒಂದೊಂದೇ ಫ್ರೇಮು ನೋಡುವಾಗ ಅದು ಕಂಡಿತು.

ಕೈ ಕೆನ್ನೆಯಿಂದ ಹಿಂದೆ ಬಂತು. ಜವರೇಶನ ತಲೆ ಇನ್ನೂ ವಾಲಿಕೊಂಡೇ ಇತ್ತು. ಪಕ್ಕದಲ್ಲಿ ನಿಂತ ವಾರಿಜ ಅವನತ್ತ ನೋಡಿರಲಿಲ್ಲ. ನೆಟ್ಟಗೆ ಕ್ಯಾಮೆರಾ ನೋಡಿದ್ದಳು. ಅದು ಚಾಲೂ ಇದೆಯೆಂದು ತೋರಿಸುವ ಕೆಂಪು ದೀಪ ಇನ್ನೂ ಉರಿಯುತ್ತಿದೆಯೋ ಇಲ್ಲವೋ ಎಂದು.

ಪರದೆಯ ಮೇಲಿನ ಆ ಮುಖ ಅವಳಿಗೆ ಹಿಡಿಸಲಿಲ್ಲ. ಅಸಹ್ಯವೆನಿಸಿತು. ಕತ್ತರಿಸಲು ಹೋದ ಬೆರಳು ಹಾಗೇ ನಿಂತಿತು.

ಬೆಳಗಾದ ಮೇಲೆ ಹೊಳೆ ದಾಟಿ ಹೋದಳು. ಜವರೇಶ ಅಕ್ಕನ ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ. ತಲೆ ಎತ್ತಲಿಲ್ಲ.

ದಾರಿಯುದ್ದಕ್ಕೂ ತಪ್ಪಾಯಿತು ಎನ್ನುವುದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಬಾಯಿ ತೆರೆದಾಗ ಬಂದದ್ದು ಬೇರೆ.

"ಆ ಟೇಕು ತುಂಬಾ ಚೆನ್ನಾಗಿ ಬಂದಿದೆ ಕಣೋ."

"ಅದನ್ನ ಹೇಳೋಕೆ ಬಂದ್ಯಾ?"

"ನಿಜವಾಗ್ಲೂ. ಯಾವತ್ತೂ ನೀನು ಹಂಗೆ ಹಾಡಿರ್ಲಿಲ್ಲ. ನಿಮ್ಮವ್ವನೇ ಎದುರಿಗೆ ಬಂದಂಗಿತ್ತು."

ಜವರೇಶ ಕೈಯಲ್ಲಿದ್ದ ಸಿಪ್ಪೆಯನ್ನು ಮೊರಕ್ಕೆ ಎಸೆದ.

"ನಮ್ಮವ್ವ ಎಲ್ಲಿ ಬಂದಿದ್ಲು? ನಾನು ನಿನ್ನ ಕೈ ನೋಡ್ಕೊಂಡು ಹಾಡ್ದೆ. ತಪ್ಪಿದ್ರೆ ಇನ್ನೊಂದು ಬೀಳುತ್ತೆ ಅಂತ ಹೆದರ್ಕೊಂಡು ಹಾಡ್ದೆ. ನಿನಗೆ ಅದು ಚೆಂದ ಕೇಳಿಸ್ತಾ?"

ಅವಳು ಬಲಗೈಯನ್ನು ಬೆನ್ನ ಹಿಂದೆ ಎಳೆದುಕೊಂಡಳು.

"ನಮ್ಮವ್ವ ಒಂದಿನಾನೂ ನನ್ನ ಮೇಲೆ ಕೈ ಎತ್ತಿರ್ಲಿಲ್ಲ ವಾರಿಜಾ. ಈಗ ಆ ಹಾಡು ಎತ್ತಿಕೊಂಡ್ರೆ ಕೆನ್ನೆ ಉರಿಯುತ್ತೆ. ನನ್ನ ಹತ್ರ ಅವಳದು ಅಂತ ಇದ್ದದ್ದು ಅದೊಂದೇ. ಅದನ್ನೂ ಹಾಳ್ ಮಾಡ್ದೆ."

"ತಪ್ಪಾಯ್ತು ಕಣೋ."

"ಆಯ್ತಲ್ಲ," ಎಂದ ಜವರೇಶ. ಇನ್ನೊಂದು ಕಾಯಿ ಕೈಗೆತ್ತಿಕೊಂಡ.

ಅವಳು ಸ್ವಲ್ಪ ಹೊತ್ತು ನಿಂತಳು. ಅವನು ಕೂರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಬಂದ ದಾರಿಯಲ್ಲೇ ಹಿಂದಿರುಗಿದಳು. ಹೊಳೆಯ ನಡುವೆ ಅಳು ಬಂತು. ಅತ್ತಳು. ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು, ತನ್ನ ಮೇಲೇ.

ಆಶ್ರಮಕ್ಕೆ ಬಂದವಳೇ ಕಂಪ್ಯೂಟರ್ ಮುಂದೆ ಕೂತು ಆ ಟೇಕನ್ನು ಅಳಿಸಿದಳು. ಚಿತ್ರವನ್ನೂ ಅಳಿಸಿದಳು, ಸದ್ದನ್ನೂ ಅಳಿಸಿದಳು. ಮತ್ತೆ ತರಲು ಸಾಧ್ಯವಾಗದ ಹಾಗೆ ಅಳಿಸಿದಳು.

ಗುರು ಒಳಗೆ ಬಂದರು.

"ಭಾನುವಾರ ಏನು ತೋರಿಸ್ತೀಯ?"

"ಏನೂ ಇಲ್ಲ. ಕೊನೆಯ ನುಡಿ ಅಳಿಸಿಬಿಟ್ಟೆ."

"ಅವನು ಅಳಿಸು ಅಂದನಾ?"

"ಅವನು ಹಾಗೇನೂ ಅನ್ನಲಿಲ್ಲ. ಭಯಕ್ಕೆ ಹಾಡಿದ್ನಂತೆ. ನಾನು ಅದನ್ನ ಚೆಂದ ಅಂದ್ಕೊಂಡೆ."

"ಮತ್ತೆ ಬಂದು ಹಾಡ್ತಾನಾ?"

"ಇಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತಾ ಗುರುಗಳೇ?"

ಸೀತಾಪತಯ್ಯನವರ ಮುಖ ಅರಳಿತು. ತೊಡೆ ತಟ್ಟಿಕೊಂಡು ನಕ್ಕರು.

"ಈಗ ಪಾಸಾದೆ ನೋಡು! ವಿಡಿಯೊ ಇಲ್ಲದಿದ್ರೆ ಬೇಡ. ನಾನು ಎರಡು ವರ್ಷ ಬಾಯಿ ಬಡ್ಕೊಂಡು ಕಲಿಸೋಕೆ ಆಗದ್ದನ್ನ ಆ ಒಂದು ಏಟು ಕಲಿಸಿಬಿಡ್ತು."

ಪಾಸು ಎಂಬ ಆ ಮಾತಿಗಾಗಿ ವಾರಿಜ ಎರಡು ವರ್ಷ ಕಾದಿದ್ದಳು. ಈಗ ಅದು ಕಿವಿಗೆ ಬಿದ್ದಾಗ ಅವಳೊಳಗಿನ ಸಿಟ್ಟೆಲ್ಲ ಒಮ್ಮೆಲೇ ಉಕ್ಕಿತು.

"ಏಟು ಏನೂ ಕಲಿಸಲ್ಲ!"

"ಏನಂದೆ?"

ಅವಳು ತನ್ನ ಬಲಗೈಯನ್ನು ಅವರ ಮುಂದೆ ಮೇಜಿನ ಮೇಲಿಟ್ಟಳು.

"ನಾನು ಬಂದ ಮೊದಲನೇ ತಿಂಗಳು. ಒಂದು ಶಾಟಿನಲ್ಲಿ ಹತ್ತು ಫ್ರೇಮು ಜಾಸ್ತಿ ಬಿಟ್ಟಿದ್ದೆ. ಸ್ಟೀಲ್ ಸ್ಕೇಲಿನಲ್ಲಿ ಈ ಬೆರಳಿನ ಮೇಲೆ ಹೊಡೆದ್ರಿ. ಎರಡು ದಿನ ಅನ್ನ ಕಲಸೋಕೆ ಆಗ್ಲಿಲ್ಲ. ಮೂರನೇ ದಿನ ಸರಿಯಾಗಿ ಮಾಡ್ದೆ. ಉಳಿಪೆಟ್ಟು ಬೀಳದ ಕಲ್ಲು ವಿಗ್ರಹ ಆಗಲ್ಲ ಅಂತ ಹೇಳಿ ಶಹಬ್ಬಾಸ್ ಅಂದ್ರಿ. ನೆನಪಿದೆಯಾ?"

ಗುರು ಹುಬ್ಬು ಗಂಟಿಕ್ಕಿದರು.

"ಆವತ್ತು ನಾನು ಕಲಿತಿದ್ದು ಎಡಿಟಿಂಗ್ ಅಲ್ಲ ಗುರುಗಳೇ. ಹೊಡೆದ್ರೆ ಕೆಲಸ ಆಗುತ್ತೆ ಅನ್ನೋದನ್ನ ಕಲಿತೆ. ಅದನ್ನೇ ಅವನ ಮೇಲೆ ಮಾಡ್ದೆ."

"ಎದುರು ಮಾತಾಡ್ತೀಯಾ!" ಸೀತಾಪತಯ್ಯ ಧಡಕ್ಕನೆ ಎದ್ದರು. ಮುಖ ಕೆಂಪಾಗಿತ್ತು. ರೂಢಿಯಿಂದ ಕೈ ತಾನಾಗಿಯೇ ಮೇಜಿನ ಮೇಲಿದ್ದ ಸ್ಕೇಲಿಗೆ ಹೋಯಿತು.

ವಾರಿಜ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆದರೆ ಬೆರಳುಗಳು ಅವಳನ್ನು ಕೇಳದೆಯೇ ಮಡಿಚಿಕೊಂಡವು.

ಗುರು ಆ ಬೆರಳುಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಸ್ಕೇಲನ್ನು ಬಿಟ್ಟು ಮೆಲ್ಲಗೆ ಕೂತರು.

ಎದುರಿನ ಗೋಡೆಯ ಮೇಲೆ ಇಲ್ಲಿ ಕಲಿತು ಹೋದವರ ಗುಂಪು ಫೋಟೋಗಳಿದ್ದವು, ವರ್ಷಕ್ಕೊಂದರಂತೆ. ಗುರು ಒಂದೊಂದನ್ನೇ ನೋಡುತ್ತ ಹೋದರು. ತುಟಿ ಅಲುಗುತ್ತಿತ್ತು. ಮೊದಲು ಹೆಸರು ನೆನೆಸಿಕೊಳ್ಳುತ್ತಿದ್ದಾರೆಂದುಕೊಂಡಳು ವಾರಿಜ. ಅವರು ತಲೆ ಎಣಿಸುತ್ತಿದ್ದರು.

"ನೂರಾ ಇಪ್ಪತ್ತು ಜನ ಕಣಮ್ಮ," ಎಂದರು ಸೀತಾಪತಯ್ಯ. "ಅವರೆಲ್ಲ ಇದನ್ನ ಈಗ ಯಾರ್ಯಾರಿಗೆ ಕಲಿಸ್ತಾ ಇದಾರೋ."