ಹಣಿಗೆಯಲ್ಲಿ ಉಳಿದ ಎಳೆ

“ಗುರುಗಳೇ, ಕೈಯಲ್ಲಿ ಏನೂ ಇಲ್ಲದವನು ಹೆಂಡತಿ ಮಕ್ಕಳಿಗೆ ಜೀವನಾಂಶ ಕೊಡಬೇಕೆಂದು ನ್ಯಾಯಾಲಯ ಹೇಗೆ ಹೇಳುತ್ತದೆ?” ಎಂದು ಮೌನೇಶ ಕೇಳಿದ.

ಮೌನೇಶ ಬಡಗಿ. ಮನೆ ಬಿಟ್ಟು ಮಠ ಸೇರಿ ಎಂಟು ತಿಂಗಳಾಗಿತ್ತು. ಹೆಂಡತಿ ತನಗೂ ಐದು ವರ್ಷದ ಮಗಳಿಗೂ ಜೀವನಾಂಶ ಬೇಕೆಂದು ಅರ್ಜಿ ಹಾಕಿದ್ದಳು. ಹಿಂದಿನ ದಿನ ಕೋರ್ಟಿನ ಕಾಗದ ಬಂದಿತ್ತು. ತನ್ನದೆನ್ನಲು ಎರಡು ಪಂಚೆಗಳಷ್ಟೇ ಇವೆ ಎಂದು ಹೇಳಿದರೆ ಮುಗಿಯಿತು ಎಂದುಕೊಂಡಿದ್ದ. ಆದರೂ ಅಲ್ಲಿ ಏನನ್ನು ತೂಗಿ ನೋಡುತ್ತಾರೋ ಎಂಬ ಕುತೂಹಲ ಅವನನ್ನು ಬಿಟ್ಟಿರಲಿಲ್ಲ.

ಗುರುಗಳು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನ ಸೀರೆಯೆಂದರೆ ಪೇಟೆಯವರು ಕಾದು ಕೊಳ್ಳುತ್ತಿದ್ದರು. ಹೆಂಡತಿಗೂ ಅವನಿಗೂ ಸರಿಹೋಗದೆ ಅವಳು ಮಗನನ್ನು ಕರೆದುಕೊಂಡು ಬೇರೆ ಮನೆ ಮಾಡಿದಳು. ವಿಷಯ ಕೋರ್ಟಿಗೆ ಹೋಯಿತು. ವಿಚಾರಣೆಗೆ ಒಂದು ತಿಂಗಳಿದೆ ಎನ್ನುವಾಗ ನೇಕಾರ ಮಗ್ಗ ನಿಲ್ಲಿಸಿದ. ಮಾಸಿದ ಅಂಗಿ ಹಾಕಿಕೊಂಡು ಹೋಗಿ, ನೇಯ್ಗೆಯನ್ನೇ ಬಿಟ್ಟೆ, ಸಂಪಾದನೆ ಇಲ್ಲ, ಮನೆಯಲ್ಲಿ ಕಾಯಿಲೆಯ ತಾಯಿ ಬೇರೆ ಇದ್ದಾಳೆ ಎಂದ.

ನ್ಯಾಯಾಧೀಶೆ ಮೊದಲು ಹೆಂಡತಿಯನ್ನು ವಿಚಾರಿಸಿದರು. ಅವಳು ಪರರ ಮನೆಗೆ ನೂಲು ಸುತ್ತಿಕೊಡುತ್ತಿದ್ದಳು. ಅದರ ಕೂಲಿ ಮನೆ ಬಾಡಿಗೆಗಷ್ಟೇ ಸಾಲುತ್ತಿತ್ತು. ಜೊತೆಯಲ್ಲಿದ್ದಾಗ ಏನು ಉಣ್ಣುತ್ತಿದ್ದಿರಿ, ಮಗ ಯಾವ ಶಾಲೆಗೆ ಹೋಗುತ್ತಿದ್ದ ಎಂದೂ ಕೇಳಿ ಬರೆದುಕೊಂಡರು. ಆಮೇಲೆ ನೇಕಾರನ ಕಡೆ ತಿರುಗಿದರು.

ನೇಯ್ದವರಿಗೆ ಗೊತ್ತು. ಮಗ್ಗದಿಂದ ಸೀರೆ ಇಳಿಸಿದ ಮೇಲೂ ಹಳೆಯ ಹಾಸಿನ, ಅಂದರೆ ಉದ್ದೆಳೆಗಳ, ತುದಿಯನ್ನು ಮಗ್ಗದ ಬಾಚಣಿಗೆಯಂಥ ಹಣಿಗೆಯ ಹಲ್ಲುಗಳಲ್ಲಿ ಗೇಣುದ್ದ ಉಳಿಸುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದಕ್ಕೇ ಹೊಸೆದು ಸೇರಿಸಬೇಕು. ಅದು ಹೋಯಿತೆಂದರೆ ಸಾವಿರಾರು ಎಳೆಗಳನ್ನು ಮೊದಲಿನಿಂದ ಪೋಣಿಸಬೇಕು.

“ಕೊನೆಯ ಸೀರೆ ಇಳಿಸಿದೆಯಲ್ಲ, ಹಾಸಿನ ತುದಿಯನ್ನು ಕಿತ್ತು ಹಾಕಿದೆಯಾ?” ಎಂದು ನ್ಯಾಯಾಧೀಶೆ ಕೇಳಿದರು.

ನೇಕಾರನಿಗೆ ಅವಮಾನವಾದಂತಾಯಿತು. “ಕೀಳುವುದೇ? ನನ್ನನ್ನು ಅಷ್ಟು ದಡ್ಡ ಅಂದುಕೊಂಡಿರಾ ತಾಯಿ? ನಾಳೆ ಹೊಸ ಹಾಸು ಯಾವುದಕ್ಕೆ ಸೇರಿಸಲಿ?”

ಹೊರಗೆ ಬಾಗಿಲಲ್ಲಿ ನಿಂತಿದ್ದ ಊರಿನ ಬೇರೆ ನೇಕಾರರು ಬಾಯಿ ಮುಚ್ಚಿಕೊಂಡು ನಕ್ಕರು. ಹೆಂಡತಿ ನಗಲಿಲ್ಲ.

ಮೈ ಗಟ್ಟಿಯಿದ್ದು ಕಸುಬು ಬಲ್ಲವನು ಇಂದು ಕೈಕಟ್ಟಿ ಕೂತರೂ ಅವನು ದುಡಿಯಬಲ್ಲಷ್ಟನ್ನು ಲೆಕ್ಕಕ್ಕೆ ಹಿಡಿಯಬೇಕು ಎಂದರು ನ್ಯಾಯಾಧೀಶೆ. ಅದರಲ್ಲಿ ಅವನ ಊಟಕ್ಕೆ, ತಾಯಿಯ ಔಷಧಿಗೆ ಬೇಕಾದಷ್ಟನ್ನು ಬಿಟ್ಟರು. ಹೆಂಡತಿಯ ದುಡಿಮೆಯನ್ನು ಗಮನಿಸಿ, ಕಡಿಮೆ ಬೀಳುವಷ್ಟನ್ನು ಅವಳಿಗೆ ಗೊತ್ತುಮಾಡಿದರು. ಮಗನ ಪಾಲನ್ನು ಬೇರೆಯೇ ಬರೆಸಿದರು; ಅಪ್ಪ ಅಮ್ಮನ ಜಗಳ ಅವನದಲ್ಲ ಎಂದರು.

ಕತೆ ಮುಗಿಯಿತು. ಮೌನೇಶನಿಗೆ ನಗು ತಡೆಯಲಾಗಲಿಲ್ಲ. ತನ್ನ ಬಾಯಿಂದಲೇ ಸಿಕ್ಕಿಬಿದ್ದನಲ್ಲ ಪೆದ್ದ ಎಂದ.

ಗುರುಗಳು ಅವನ ಕೈಗಳನ್ನು ನೋಡಿದರು. “ನೀನು ಮನೆ ಬಿಡುವಾಗ ಉಳಿ ಬಾಚಿಗಳನ್ನು ಯಾರಿಗಾದರೂ ಕೊಟ್ಟು ಬಂದೆಯೋ, ಎಣ್ಣೆ ಸವರಿ ಕಟ್ಟಿಟ್ಟು ಬಂದೆಯೋ?”

“ಎಣ್ಣೆ ಸವರಿ ಕಟ್ಟಿಟ್ಟೆ” ಎಂದು ಮೌನೇಶ ತನ್ನ ಕೈಗಳನ್ನು ನೋಡಿಕೊಂಡ.