ಬೆಳಕಿನ ಬಳೆ

"ಗುರುಗಳೇ, ಕೆಡಿಸಿದವನ ಕೈಗೇ ಅದನ್ನು ಮತ್ತೆ ಒಪ್ಪಿಸಬಹುದೇ?" ಎಂದು ಶಿಷ್ಯ ಕೇಳಿದ.

ಹಿಂದಿನ ವಾರ ಗುರುವಿನ ಬದಲು ಪಾಠ ಹೇಳುವಾಗ ಅವನು ಒಬ್ಬ ಹುಡುಗಿಯನ್ನು ಎಲ್ಲರೆದುರು ಹೀಯಾಳಿಸಿದ್ದ. ಅವಳು ಮತ್ತೆ ಪಾಠಕ್ಕೆ ಬಂದಿರಲಿಲ್ಲ. ಗುರು ಮತ್ತೆ ಪಾಠ ಒಪ್ಪಿಸಿದರೂ, ಇನ್ನು ತಾನು ಕಲಿಸುವುದಿಲ್ಲ ಎಂದು ಶಿಷ್ಯ ಕೈಚೆಲ್ಲಿದ್ದ.

ಗುರು ಒಂದು ಕತೆ ಹೇಳಿದರು.

ಕೊಡಗಿನ ಒಬ್ಬ ರೈತನಲ್ಲಿ ತಂದೆಯ ಕಾಲದ ಕೋವಿಯಿತ್ತು. ಕೈಲ್ ಮುಹೂರ್ತದ ಹಬ್ಬದಲ್ಲಿ ಕೋವಿಗಳನ್ನು ಪೂಜಿಸಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದು ಅಲ್ಲಿನ ವಾಡಿಕೆ. ತಂದೆ ಇದ್ದಷ್ಟು ಕಾಲ ಆ ಕೋವಿ ಒಂದು ಹಬ್ಬವನ್ನೂ ತಪ್ಪಿಸಿರಲಿಲ್ಲ. ತಂದೆ ತೀರಿಕೊಂಡ ವರ್ಷವೇ ಅದು ಮೌನವಾಗಬಾರದೆಂದು ರೈತನ ಆಸೆ.

ಕೋವಿಯ ಕೀಲು ಸಡಿಲವಾಗಿತ್ತು. ಅದನ್ನು ರಿಪೇರಿಯವನಿಗೆ ಕೊಟ್ಟ. ಹಬ್ಬಕ್ಕೆ ಮುಂಚೆ ಊರಿನ ಕೋವಿಗಳೆಲ್ಲ ಅವನ ಅಂಗಡಿಯಲ್ಲೇ ಇರುತ್ತವೆ. ಅವಸರದಲ್ಲಿ ಅವನು ನಡುವೆ ಮರದ ತುಂಡು ಇಡದೆ ಕೋವಿಯ ನಳಿಗೆಯನ್ನು ವೈಸಿನ ಕಬ್ಬಿಣದ ದವಡೆಗಳ ನಡುವೆ ಬಿಗಿದ. ಕೀಲು ಸರಿಯಾಯಿತು. ನಳಿಗೆ ನಗ್ಗಿತು.

ರೈತ ನಳಿಗೆಯನ್ನು ಬಾಗಿಲಿನ ಬೆಳಕಿಗೆ ಹಿಡಿದು ಒಳಗೆ ನೋಡಿದ. ಒಳಗೆ ದುಂಡಗೆ ಕಾಣಬೇಕಾದ ಬೆಳಕಿನ ಬಳೆ ಒಂದು ಕಡೆ ಮುರಿದಿತ್ತು. ಹಾಗೆಯೇ ಹೊಡೆದರೆ ನಳಿಗೆ ಸಿಡಿದು ಕೈ ಹೋದೀತು.

"ಪೇಟೆಯ ರಿಪೇರಿಯವನಿಗೆ ಕೊಡುತ್ತೇನೆ. ನೀನಿನ್ನು ಇದನ್ನು ಮುಟ್ಟಬೇಡ."

"ಕೊಡಿ. ಆದರೆ ನಾನು ಎಷ್ಟು ಬಿಗಿದೆ ಎಂಬುದು ಅವನ ಕೈಗೆ ಗೊತ್ತಿಲ್ಲ. ನನ್ನ ಕೈಗೆ ಗೊತ್ತಿದೆ."

ರೈತ ಕೋವಿ ಎತ್ತಿಕೊಂಡು ಬಾಗಿಲ ತನಕ ಹೋಗಿ ಹಿಂದಿರುಗಿದ. ಕೊನೆಗೆ ಕೋವಿಯನ್ನು ಅವನ ಮುಂದೆಯೇ ಇಟ್ಟ.

ರಿಪೇರಿಯವನು ಉಳಿದ ಕೋವಿಗಳನ್ನು ಬದಿಗಿಟ್ಟ. ನಳಿಗೆಯೊಳಗೆ ಬಿಗಿಯಾಗಿ ಕೂರುವ ಉಕ್ಕಿನ ಸರಳನ್ನು ತೂರಿಸಿ, ಹೊರಗಿನಿಂದ ಹಿತ್ತಾಳೆಯ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದ. ನೋಡಿದ. ಮತ್ತೆ ತಟ್ಟಿದ. ಬಳೆ ಕೂಡಿಕೊಂಡಿತು. ಕೋವಿಯನ್ನು ಮರಕ್ಕೆ ಕಟ್ಟಿ, ದೂರದಿಂದ ಹಗ್ಗ ಎಳೆದು ಹೊಡೆದು ನೋಡಿದ. ಬಳೆ ಹಾಗೆಯೇ ಇತ್ತು.

ಹಬ್ಬದ ದಿನ ರೈತ ಕೋವಿ ಎತ್ತಿದಾಗ ನೆರೆಯವನೊಬ್ಬ ಕೂಗಿದ: "ದೂರ ಸರಿಯಿರಿ ಮಾರಾಯ್ರೇ! ಆ ಕೋವಿಗೆ ಕಾಯಿಯೂ ಒಂದೇ, ನಮ್ಮ ತಲೆಯೂ ಒಂದೇ!"

ಜನ ನಗುತ್ತಾ ಹಿಂದೆ ಸರಿದರು. ರಿಪೇರಿಯವನು ಮಾತ್ರ ಮುಂದೆ ಬಂದು ರೈತನ ಪಕ್ಕದಲ್ಲೇ ನಿಂತ.

ಗುಂಡು ಹಾರಿತು. ಕಾಯಿ ಚೂರುಚೂರಾಗಿ ಉದುರಿತು. ಮೈದಾನವೆಲ್ಲ ಕೇಕೆ ಹಾಕಿತು. ಗೇಲಿ ಮಾಡಿದ ನೆರೆಯವನೇ ಓಡಿ ಬಂದು ರಿಪೇರಿಯವನನ್ನು ಹೆಗಲ ಮೇಲೆ ಎತ್ತಿಕೊಂಡ.

ಕತೆ ಮುಗಿಯಿತು. "ಅದು ಕಬ್ಬಿಣ, ಗುರುಗಳೇ. ತಟ್ಟಿದರೆ ಏಳುತ್ತದೆ" ಎಂದ ಶಿಷ್ಯ.

ಗುರು ಕೇಳಿದರು: "ಆ ಹುಡುಗಿಯ ಮನೆ ಯಾವ ಬೀದಿಯಲ್ಲಿದೆ?"