ಕುಂಬಾರನ ಹಿತ್ತಿಲ ಗೋಡೆ

“ಗುರುಗಳೇ, ಕ್ರಿಸ್ತನೊಬ್ಬನೇ ದಾರಿ ಎಂದು ಕಲಿಸಿದಿರಿ. ನಾನು ನಂಬಿದೆ. ಆದರೆ ನನ್ನನ್ನು ಸಾಕಿದ ಅಜ್ಜಿ ಆ ಹೆಸರನ್ನು ಒಮ್ಮೆಯೂ ಕೇಳದೆ ತೀರಿಕೊಂಡಳು. ಅವಳ ಗತಿ ಏನು?”

ಹೀಗೆ ಕೇಳಿದವನು ಸತ್ಯಮಿತ್ರನೆಂಬ ಶಿಷ್ಯ. ಅವನು ದೀಕ್ಷಾಸ್ನಾನ ಪಡೆದು ಇನ್ನೂ ವರ್ಷ ತುಂಬಿರಲಿಲ್ಲ. ಗುರುಗಳು ಈ ಕತೆ ಹೇಳಿದರು.

ಒಂದು ಊರಿಗೆ ಮೂರು ಕಡೆ ಹೊಳೆ, ಹಿಂದೆ ಕಡಿದಾದ ಗುಡ್ಡ. ಗುಡ್ಡ ಹತ್ತಲು ಬರುವಂಥ ಸೀಳು ಒಂದೇ ಕಡೆ ಇತ್ತು. ಅದಕ್ಕೆ ಅಡ್ಡಲಾಗಿ ಒಬ್ಬ ಕುಂಬಾರನ ಮನೆ ನಿಂತಿತ್ತು.

ಒಂದು ಮಧ್ಯಾಹ್ನ ಮೇಲಿನ ಕೆರೆಯ ಏರಿ ಒಡೆಯಿತು. ಹೊಳೆ ಉಕ್ಕಿ ಊರೊಳಗೆ ನುಗ್ಗಿತು. ಜನ ಗುಡ್ಡದ ಬುಡಕ್ಕೆ ಓಡಿಬಂದರು. ಕುಂಬಾರನು ಮುಂಬಾಗಿಲು ತೆರೆದಿಟ್ಟು, ಹಾರೆ ಹಿಡಿದು, ತನ್ನ ಮನೆಯ ಹಿಂಗೋಡೆಯನ್ನು ಕೆಡವತೊಡಗಿದನು. ಗೋಡೆ ಹೋದೊಡನೆ ಮಾಡಿನ ತೊಲೆ ಜಗ್ಗಿತು. ಅವನು ಅದಕ್ಕೆ ಹೆಗಲು ಕೊಟ್ಟು ನಿಂತು, “ಬನ್ನಿ, ಇಲ್ಲಿಂದ ಹತ್ತಿ” ಎಂದು ಕರೆದನು.

ಒಬ್ಬ ವರ್ತಕನು ಹೊಸ್ತಿಲಲ್ಲೇ ನಿಂತನು. ಕುಂಬಾರನ ಮನೆಯೊಳಗೆ ಅವನು ಎಂದೂ ಕಾಲಿಟ್ಟವನಲ್ಲ.

“ಬೇರೆ ದಾರಿ ಇಲ್ಲವೇನಯ್ಯ?”

“ಇದ್ದಿದ್ದರೆ ನನ್ನ ಮನೆ ಯಾಕೆ ಕೆಡವುತ್ತಿದ್ದೆ, ಯಜಮಾನರೇ?”

ನೀರು ಮೊಣಕಾಲಿಗೆ ಬಂದಿತ್ತು. ವರ್ತಕನು ತಲೆ ತಗ್ಗಿಸಿ ತೊಲೆಯಡಿ ನುಸುಳಿ ಹೋದನು.

ಆ ಊರಿಗೆ ಮಗಳ ಮನೆಗೆಂದು ಬಂದಿದ್ದ ಒಬ್ಬ ಮುದುಕಿ ಇದ್ದಳು. ಕಣ್ಣು ಕಾಣದವಳು. ಅಳಿಯನು ಅವಳನ್ನು ಬೆನ್ನ ಮೇಲೆ ಹೊತ್ತು ತಂದನು. ಎಲ್ಲಿಗೆ ಬಂದೆವು, ಯಾರ ಮನೆ ಹಾಯುತ್ತಿದ್ದೇವೆ ಎಂಬುದು ಅವಳಿಗೆ ತಿಳಿಯಲಿಲ್ಲ. ಅಳಿಯನಿಗೂ ಹೇಳಲು ಪುರುಸೊತ್ತಿರಲಿಲ್ಲ. ಅವರೇ ಕೊನೆಯವರು. ಅವರು ಬಂಡೆಗೆ ಕಾಲಿಟ್ಟ ಮೇಲೆ ಮಾಡು ಕುಸಿಯಿತು. ಕುಂಬಾರನು ಅದರಡಿಯೇ ಉಳಿದನು.

ಗುಡ್ಡದ ಮೇಲೆ ಜನ ಅಳುತ್ತಿದ್ದರು. ಮುದುಕಿ ಕೇಳಿದಳು: “ಯಾರಿಗಾಗಿ ಅಳುತ್ತಿದ್ದೀರಿ?”

ವರ್ತಕನು ನಡೆದದ್ದನ್ನು ಹೇಳಿದನು. ಕುಂಬಾರನ ಹೆಸರನ್ನೂ ಹೇಳಿದನು.

ಅವಳು ಆ ಹೆಸರನ್ನು ಮೆಲ್ಲಗೆ ಒಮ್ಮೆ ಉಚ್ಚರಿಸಿ ನೋಡಿದಳು. “ನಿನ್ನ ಹೆಸರು ಈಗ ಕೇಳುತ್ತಿದ್ದೇನಪ್ಪ” ಎಂದು ಕೈ ಮುಗಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನು ಕೇಳಿದನು: “ಹಾಗಾದರೆ ದಾರಿ ಒಂದೇ ಎಂಬುದು ಸುಳ್ಳೇ?”

“ದಾರಿ ಒಂದೇ, ಮಗು, ಆದರೆ ತೊಲೆ ಹೊತ್ತವನು, ತನ್ನ ಹೆಸರು ಗೊತ್ತಿಲ್ಲವೆಂದು ಯಾರನ್ನೂ ತಡೆಯಲಿಲ್ಲ.”